ಸಿಸ್‌ಪ್ಲಾಟಿನ್ ಹಾಕಿದರೂ ಕೋಶ ಸಾಯದಿದ್ದರೆ: ಲ್ಯಾಬಿನಲ್ಲಿ ದೋಷ ಹುಡುಕುವ ಬಗೆ

ಒಂದು ಶುಕ್ರವಾರ ಸಂಜೆ ಎಂಎಸ್ಸಿ ಪ್ರಾಜೆಕ್ಟಿನ ಹುಡುಗಿಯೊಬ್ಬಳು 96 ವೆಲ್‌ಗಳ (ಕೋಶ ಬೆಳೆಸುವ ಪುಟ್ಟ ಗುಳಿಗಳ) ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. "ಸರ್, ನಮ್ಮ ನೆಲನೆಲ್ಲಿ ಸಾರ ಸಿಸ್‌ಪ್ಲಾಟಿನ್‌ಗಿಂತ ಚೆನ್ನಾಗಿ ಕೆಲಸ ಮಾಡ್ತಿದೆ!" ಸಿಸ್‌ಪ್ಲಾಟಿನ್ ಅಂದರೆ ಪ್ಲಾಟಿನಂ ಇರುವ ಕ್ಯಾನ್ಸರ್ ಔಷಧ. ಕೋಶಗಳು ಬದುಕಿದ್ದಷ್ಟೂ ನೇರಳೆ ಬಣ್ಣ ಗಾಢವಾಗುವ ಪರೀಕ್ಷೆ ಅದು. ಪ್ಲೇಟನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ. ಸಾರ ಹಾಕಿದ ಸಾಲುಗಳಲ್ಲಿ ಬಣ್ಣ ತುಸು ತಿಳಿಯಾಗಿತ್ತು. ಸಿಸ್‌ಪ್ಲಾಟಿನ್ ಸಾಲುಗಳು ಮಾತ್ರ, 20 ಮೈಕ್ರೋಮೋಲಾರ್ ಹಾಕಿ 48 ಗಂಟೆ ಬಿಟ್ಟಿದ್ದರೂ, ಏನೂ ಹಾಕದ ಸಾಲಿನಷ್ಟೇ ಗಾಢ ನೇರಳೆ. ಹೀಲಾ ಎಂಬ ಕ್ಯಾನ್ಸರ್ ಕೋಶಗಳು ಆರಾಮಾಗಿ ಉಂಡು ಬೆಳೆದಿದ್ದವು.

ಅವಳಿಗೆ ಖುಷಿ, ನನಗೆ ತಲೆನೋವು. ಪಾಸಿಟಿವ್ ಕಂಟ್ರೋಲ್ ಅಂತ, ಅಂದರೆ ಕೊಂದೇ ಕೊಲ್ಲುತ್ತದೆ ಅಂತ ಗೊತ್ತಿದ್ದು ಹೋಲಿಕೆಗೆ ಇಟ್ಟ ಔಷಧವೇ ಕೆಲಸ ಮಾಡದಿದ್ದರೆ ಆ ಪ್ಲೇಟಿನ ಬೇರೆ ಯಾವ ಸಾಲನ್ನೂ ನಂಬುವಂತಿಲ್ಲ. ತಕ್ಕಡಿಯ ಕಲ್ಲೇ ಸುಳ್ಳಾದರೆ ಎದುರಿನ ತಟ್ಟೆಯಲ್ಲಿರುವ ಬೆಲ್ಲದ ತೂಕ ಹೇಳುವುದು ಹೇಗೆ?

ಆ ದೋಷ ಹುಡುಕಲು ನನಗೆ ಮೂರು ವಾರ ಹಿಡಿಯಿತು. ತಪ್ಪು ತುದಿಯಿಂದ ಶುರುಮಾಡಿದ್ದೆ. ಕೋಶಗಳಿಗೆ ಪ್ರತಿರೋಧ ಬಂದಿರಬೇಕು ಅಂದುಕೊಂಡು ದ್ರವ ಸಾರಜನಕದಿಂದ ಹೊಸ ವಯಲ್ ತೆಗೆದು ಬೆಳೆಸಿದೆ, ಕೋಶಗಳ ಆಹಾರಕ್ಕೆ ಬೆರೆಸುವ ಸೀರಂ ಬದಲಿಸಿದೆ, ಕೋಶಗಳಿಗೆ ಅಂಟುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿದೆ. ಕೋಶ ಜೀವ ಇರುವಂಥದ್ದು, ಅದರ ಮೇಲೆ ಅನುಮಾನ ಬೇಗ ಹೋಗುತ್ತದೆ. ಔಷಧದ ಟ್ಯೂಬು ಫ್ರೀಜರಿನ ಮೂಲೆಯಲ್ಲಿ ಸಾಧುವಿನಂತೆ ಕೂತಿರುತ್ತದೆ, ಅದನ್ನು ಯಾರೂ ಕೇಳುವುದಿಲ್ಲ. ಸಿಸ್‌ಪ್ಲಾಟಿನ್ ವಿಷಯದಲ್ಲಿ ಈ ಕ್ರಮವನ್ನು ತಿರುಗಿಸಬೇಕು: ಮೊದಲು ಟ್ಯೂಬು, ಕೊನೆಗೆ ಕೋಶ. ಯಾಕೆ ಹಾಗೆ ಅನ್ನುವುದು ಆ ಅಣು ಕೆಲಸ ಮಾಡುವ ರೀತಿಯಲ್ಲೇ ಇದೆ, ಅದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಇದೆಲ್ಲ ಲ್ಯಾಬ್ ಬೆಂಚಿನ ಮಾತು. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರು ತಮ್ಮ ಔಷಧದ ಬಗ್ಗೆ ತಮ್ಮ ವೈದ್ಯರನ್ನೇ ಕೇಳಬೇಕು.

ಮೊದಲ ಹತ್ತು ನಿಮಿಷ: ಅಳತೆ ಸರಿಯಿದೆಯೇ?

ಪ್ಲೇಟಿಗೆ ಆ ನೇರಳೆ ಬರಿಸಲು ಹಾಕುವುದು ಎಂಟಿಟಿ ಎಂಬ ಹಳದಿ ಬಣ್ಣದ ಉಪ್ಪು. ಬದುಕಿರುವ ಕೋಶದ ಒಳಗೆ ಎನ್‌ಎಡಿಎಚ್, ಎನ್‌ಎಡಿಪಿಎಚ್ ಎಂಬ ಎಲೆಕ್ಟ್ರಾನ್ ವಾಹಕಗಳನ್ನು ಬಳಸುವ ಕಿಣ್ವಗಳು ಇದಕ್ಕೆ ಎಲೆಕ್ಟ್ರಾನ್ ಕೊಟ್ಟು ಅಪಕರ್ಷಿಸಿ ನೇರಳೆ ಫಾರ್ಮಝಾನ್ ಹರಳು ಮಾಡುತ್ತವೆ. ಹರಳನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ 570 ನ್ಯಾನೋಮೀಟರಿನಲ್ಲಿ ಓದುತ್ತೇವೆ. 1983ರಲ್ಲಿ ಮೋಸ್ಮನ್ ಪ್ರಕಟಿಸಿದ ಈ ವಿಧಾನ ಇವತ್ತಿಗೂ ನಮ್ಮ ಕಾಲೇಜು ಲ್ಯಾಬುಗಳ ಅನ್ನ-ಸಾರು. ಆದರೆ ಇದು ಎಣಿಸುವುದು ಅಪಕರ್ಷಣೆಯನ್ನು, ಜೀವವನ್ನಲ್ಲ. ಗಿಡದ ಸಾರಗಳಲ್ಲಿರುವ ಪಾಲಿಫಿನಾಲ್‌ಗಳು ಕೋಶದ ಹಂಗೇ ಇಲ್ಲದೆ ಎಂಟಿಟಿಯನ್ನು ನೇರಳೆ ಮಾಡಬಲ್ಲವು. ಸಾರ ಪರೀಕ್ಷಿಸುವವರು ಕೋಶ ಹಾಕದೆ ಬರೀ ಮೀಡಿಯಾ (ಕೋಶ ಬೆಳೆಸುವ ದ್ರವ) ಮತ್ತು ಸಾರ ಇರುವ ಮೂರು ವೆಲ್ ಇಡಲೇಬೇಕು. ಅವು ಕೂಡ ನೇರಳೆಯಾದರೆ ಅಳತೆಯನ್ನೇ ಬದಲಿಸಬೇಕು.

ನಮ್ಮ ದೂರು ಬೇರೆ. ಸಿಸ್‌ಪ್ಲಾಟಿನ್ ಸ್ವತಃ ಹೀಗೆ ಬಣ್ಣ ಬರಿಸುವ ವಸ್ತುವಲ್ಲ. ಆದ್ದರಿಂದ ಎಂಟಿಟಿ ಹಾಕುವ ಮುನ್ನ ಪ್ಲೇಟನ್ನು ಮೈಕ್ರೋಸ್ಕೋಪಿನ ಕೆಳಗೆ ಇಡಿ. ಔಷಧ ಕೆಲಸ ಮಾಡಿದ್ದರೆ 48 ಗಂಟೆಗೆ ಕಣ್ಣಿಗೇ ಗೊತ್ತಾಗುತ್ತದೆ: ಕೋಶಗಳು ವಿರಳವಾಗಿರುತ್ತವೆ, ಹಲವು ಗುಂಡಗಾಗಿ ತಳ ಬಿಟ್ಟು ತೇಲುತ್ತವೆ, ಉಳಿದವುಗಳಲ್ಲಿ ಕೆಲವು ವಿಭಜನೆಯಾಗಲಾರದೆ ಊದಿಕೊಂಡಿರುತ್ತವೆ. ನಮ್ಮ ಪ್ಲೇಟಿನಲ್ಲಿ ಹೀಲಾ ಕಲ್ಲುಚಪ್ಪಡಿ ಹಾಸಿದಂತೆ ಒತ್ತೊತ್ತಾಗಿ ಕೂತಿತ್ತು. ಅಂದರೆ ಎಂಟಿಟಿ ಸುಳ್ಳು ಹೇಳಿರಲಿಲ್ಲ.

ಎರಡನೆಯದು, ಅದೇ ಪ್ಲೇಟಿನಲ್ಲಿ ಡಾಕ್ಸೊರುಬಿಸಿನ್‌ನಂಥ ಇನ್ನೊಂದು ಔಷಧದ ಸಾಲು ಇರಲಿ. ಅದು ಕೊಂದು ಸಿಸ್‌ಪ್ಲಾಟಿನ್ ಕೊಲ್ಲದಿದ್ದರೆ ಕೋಶ, ಮೀಡಿಯಾ, ಎಂಟಿಟಿ, ರೀಡರ್ ಎಲ್ಲವೂ ಒಂದೇ ಏಟಿಗೆ ಹೆಚ್ಚುಕಡಿಮೆ ನಿರಪರಾಧಿ. ಈ ಒಂದು ಸಾಲು ಮೊದಲೇ ಇಟ್ಟಿದ್ದರೆ ನನ್ನ ಮೂರು ವಾರದಲ್ಲಿ ಎರಡು ಉಳಿಯುತ್ತಿತ್ತು.

ಮೂರನೆಯದು ಲೆಕ್ಕ. ಸಿಸ್‌ಪ್ಲಾಟಿನ್‌ನ ಅಣುತೂಕ ಸುಮಾರು 300. ಹಾಗಾಗಿ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಅಂದರೆ ಸುಮಾರು 33 ಮೈಕ್ರೋಮೋಲಾರ್. ಒಬ್ಬರು ಮೈಕ್ರೋಗ್ರಾಂನಲ್ಲಿ ಬರೆದದ್ದನ್ನು ಇನ್ನೊಬ್ಬರು ಮೈಕ್ರೋಮೋಲಾರ್ ಅಂತ ಓದಿದರೆ ಪ್ರಮಾಣ ಮೂರನೇ ಒಂದಕ್ಕೆ ಇಳಿಯುತ್ತದೆ. ಈ ತಪ್ಪು ನಾನು ಕಂಡಷ್ಟು ಸಲ ಬೇರೆ ತಪ್ಪು ಕಂಡಿಲ್ಲ. ಆದರೆ ಆ ಸಲ ಲೆಕ್ಕ ಸರಿಯಿತ್ತು.

ಅಣು ಕೊಲ್ಲುವುದು ಹೇಗೆ

ಸಿಸ್‌ಪ್ಲಾಟಿನ್ ಚಪ್ಪಟೆ ಚೌಕ. ನಡುವೆ ಪ್ಲಾಟಿನಂ, ಅಕ್ಕಪಕ್ಕದ ಎರಡು ಮೂಲೆಗಳಲ್ಲಿ ಅಮೋನಿಯಾ, ಉಳಿದ ಅಕ್ಕಪಕ್ಕದ ಎರಡು ಮೂಲೆಗಳಲ್ಲಿ ಕ್ಲೋರೈಡ್. ಇದನ್ನು 19ನೇ ಶತಮಾನದಲ್ಲೇ ಪೆಯ್ರೋನೆ ಎಂಬ ಇಟಲಿಯ ರಸಾಯನಶಾಸ್ತ್ರಜ್ಞ ಮಾಡಿದ್ದ, 1893ರಲ್ಲಿ ವರ್ನರ್ ಎಂಬ ಇನ್ನೊಬ್ಬ ರಸಾಯನಶಾಸ್ತ್ರಜ್ಞ ಇದರ ಆಕಾರ ಹೇಳಿದ. ಔಷಧ ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಒಂದು ದೋಷ ಹುಡುಕುವಾಗಲೇ. ಅಮೆರಿಕದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ಭೌತವಿಜ್ಞಾನಿ ವಿದ್ಯುತ್ ಕ್ಷೇತ್ರದಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಹೇಗೆ ವಿಭಜನೆಯಾಗುತ್ತದೆ ನೋಡಲು ಹೊರಟರು. ಪ್ಲಾಟಿನಂ ಯಾವುದರೊಡನೆಯೂ ಸೇರದ ಲೋಹ ಅಂತ ನಂಬಿ ಎಲೆಕ್ಟ್ರೋಡ್ ಅದರದ್ದೇ ಹಾಕಿದ್ದರು. ಕರೆಂಟು ಹರಿಸಿದಾಗ ಬ್ಯಾಕ್ಟೀರಿಯಾ ವಿಭಜನೆ ನಿಲ್ಲಿಸಿ ದಾರದ ಎಳೆಯಂತೆ ಉದ್ದಕ್ಕೆ ಬೆಳೆದವು, ಮಾಮೂಲಿಗಿಂತ 300 ಪಟ್ಟು ಉದ್ದದವರೆಗೆ. ವಿದ್ಯುತ್ತಿನ ಪ್ರಭಾವ ಅಂತ ಬರೆದು ಮುಗಿಸಬಹುದಿತ್ತು. ಅವರು ಮತ್ತು ಸಹೋದ್ಯೋಗಿ ಲೊರೆಟಾ ವ್ಯಾನ್ ಕ್ಯಾಂಪ್ ಹಾಗೆ ಮಾಡದೆ, ಕರೆಂಟು ಹರಿಸಿ ಇಟ್ಟ ದ್ರಾವಣವನ್ನೇ ಬೇರೆ ಬ್ಯಾಕ್ಟೀರಿಯಾಗಳಿಗೆ ಹಾಕಿ ನೋಡಿದರು. ಕರೆಂಟಿಲ್ಲದೆಯೂ ಎಳೆ ಬೆಳೆಯಿತು. ಎಲೆಕ್ಟ್ರೋಡಿನಿಂದ ಕರಗಿದ ಪ್ಲಾಟಿನಂ, ದ್ರಾವಣದ ಅಮೋನಿಯಂ ಕ್ಲೋರೈಡಿನ ಜೊತೆ ಸೇರಿ ಹೊಸ ಸಂಯುಕ್ತವಾಗಿತ್ತು. ಇದು ಪ್ರಕಟವಾದದ್ದು 1965ರಲ್ಲಿ. 1978ರಲ್ಲಿ ಅಮೆರಿಕದಲ್ಲಿ ಸಿಸ್‌ಪ್ಲಾಟಿನ್‌ಗೆ ಔಷಧವಾಗಿ ಅನುಮತಿ ಸಿಕ್ಕಿತು. ಯಾವ ವಸ್ತು ಸುಮ್ಮನಿದೆ ಅಂದುಕೊಂಡಿದ್ದರೋ ಅದೇ ಕೆಲಸ ಮಾಡುತ್ತಿತ್ತು. ನನ್ನ ಪ್ಲೇಟಿನಲ್ಲಿ ಆದದ್ದೂ ಅದೇ ಜಾತಿಯ ಎಡವಟ್ಟು.

ಈಗ ಚೌಕಕ್ಕೆ ಬರೋಣ. ಅಮೋನಿಯಾಗಳು ಭದ್ರವಾಗಿ ಕೂತಿರುತ್ತವೆ. ಕ್ಲೋರೈಡ್‌ಗಳದ್ದು ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟಿನ ಕಥೆ. ಕಾಯುವವರು ಇರುವ ತನಕ ಸೀಟು ಉಳಿಯುತ್ತದೆ. ರಕ್ತದಲ್ಲಿ ಕ್ಲೋರೈಡ್ ಸುಮಾರು 100 ಮಿಲಿಮೋಲಾರ್ ಇರುವುದರಿಂದ ಒಂದು ಎದ್ದರೆ ಇನ್ನೊಂದು ಅಲ್ಲೇ ಕೂರುತ್ತದೆ, ಅಣು ಹೆಚ್ಚಾಗಿ ಹಾಗೇ ಉಳಿಯುತ್ತದೆ. ಕೋಶದ ಒಳಗೆ ಕ್ಲೋರೈಡ್ ಬಹಳ ಕಡಿಮೆ, ಸಾಮಾನ್ಯವಾಗಿ 4ರಿಂದ 20 ಮಿಲಿಮೋಲಾರ್. ಅಲ್ಲಿ ಕ್ಲೋರೈಡ್ ಎದ್ದ ಜಾಗದಲ್ಲಿ ನೀರಿನ ಅಣು ಬಂದು ಕೂರುತ್ತದೆ. ಬರೀ ನೀರಿನಲ್ಲಿ, 37 ಡಿಗ್ರಿಯಲ್ಲಿ, ಅರ್ಧದಷ್ಟು ಅಣುಗಳಿಗೆ ಹೀಗಾಗಲು ಸುಮಾರು ಎರಡು ಗಂಟೆ ಸಾಕು. ನೀರು ಕೂತ ಅಣುವಿಗೆ ಧನ ಆವೇಶ ಬರುತ್ತದೆ, ಡಿಎನ್‌ಎಗೆ ಋಣ ಆವೇಶ ಇದೆ. ನೀರಿಗೆ ಸೀಟಿನ ಹಟ ಇಲ್ಲ, ಯಾರಾದರೂ ಗಟ್ಟಿಗರು ಬಂದರೆ ಎದ್ದು ಬಿಡುತ್ತದೆ.

ಬರುವ ಗಟ್ಟಿಗ ಗ್ವಾನಿನ್. ಡಿಎನ್‌ಎಯ ಗ್ವಾನಿನ್ ಬೇಸಿನಲ್ಲಿ ಎನ್7 ಎಂಬ ಸಾರಜನಕ ಹೊರಮುಖವಾಗಿದ್ದು, ಪ್ಲಾಟಿನಂಗೆ ಹಿಡಿಯಲು ಸುಲಭ. ಮೊದಲ ಗ್ವಾನಿನ್ ಹಿಡಿದ ಮೇಲೆ ಎರಡನೇ ಕ್ಲೋರೈಡ್ ಜಾಗ ಪಕ್ಕದ ಗ್ವಾನಿನ್ ಹಿಡಿಯುತ್ತದೆ. ಒಂದೇ ಎಳೆಯ ಮೇಲೆ ಅಕ್ಕಪಕ್ಕದ ಎರಡು ಗ್ವಾನಿನ್‌ಗಳನ್ನು ಹೀಗೆ ಕಟ್ಟುವುದೇ ಇದರ ಮುಖ್ಯ ಕೆಲಸ. ಆಗುವ ಬಂಧಗಳಲ್ಲಿ ಸುಮಾರು ಶೇ. 65 ಈ ಬಗೆಯವು. ಕಟ್ಟಿದ ಜಾಗದಲ್ಲಿ ಡಿಎನ್‌ಎ 30-40 ಡಿಗ್ರಿಯಷ್ಟು ಬಾಗುತ್ತದೆ. ನಕಲು ಮಾಡುವ ಕಿಣ್ವ ಅಲ್ಲಿ ಬಂದು ನಿಲ್ಲುತ್ತದೆ. ದುರಸ್ತಿ ಆಗದಿದ್ದರೆ ಕೋಶ ತಾನೇ ಸಾಯುವ ದಾರಿ ಹಿಡಿಯುತ್ತದೆ. ಕ್ಲೋರೈಡ್‌ಗಳು ಅಕ್ಕಪಕ್ಕದ ಬದಲು ಎದುರುಬದುರು ಇರುವ ಟ್ರಾನ್ಸ್‌ಪ್ಲಾಟಿನ್‌ಗೆ ಹೀಗೆ ಪಕ್ಕದ ಗ್ವಾನಿನ್‌ಗಳನ್ನು ಕಟ್ಟಲು ಕೈ ಎಟುಕುವುದಿಲ್ಲ. ಅದೇ ಪರಮಾಣುಗಳು, ಅದೇ ತೂಕ, ಔಷಧವಾಗಿ ನಿಷ್ಪ್ರಯೋಜಕ.

ಆದ್ದರಿಂದ ಸಿಸ್‌ಪ್ಲಾಟಿನ್ ದೋಷ ಹುಡುಕುವಾಗ ಪ್ರತಿ ಹಂತದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ: ಈ ಕ್ಷಣ ಕ್ಲೋರೈಡಿನ ಸೀಟಿನಲ್ಲಿ ಯಾರು ಕೂತಿದ್ದಾರೆ?

ನಮ್ಮ ಟ್ಯೂಬಿನಲ್ಲಿ ಕೂತಿದ್ದವರು

ಹುಡುಗಿಯ ನೋಟ್‌ಬುಕ್ ತೆಗೆಸಿದೆ. "ಸಿಸ್‌ಪ್ಲಾಟಿನ್ 10 ಮಿಲಿಮೋಲಾರ್ ಸ್ಟಾಕ್, ಡಿಎಂಎಸ್‌ಒ, ಮೈನಸ್ 20" ಅಂತ ದುಂಡಗೆ ಬರೆದಿತ್ತು. ಸ್ಟಾಕ್ ಅಂದರೆ ಆಮೇಲೆ ತೆಳುಮಾಡಿ ಬಳಸಲು ಮಾಡಿಟ್ಟ ಗಟ್ಟಿ ದ್ರಾವಣ. "ಯಾಕಮ್ಮ ಡಿಎಂಎಸ್‌ಒ?" ಅಂದೆ. "ಸಲೈನ್‌ನಲ್ಲಿ ಕರಗ್ಲೇ ಇಲ್ಲ ಸರ್. ಅದರಲ್ಲಿ ಹಾಕಿದ ತಕ್ಷಣ ಕರಗ್ತು."

ಅವಳು ಹೇಳಿದ್ದು ನಿಜ. ಸಿಸ್‌ಪ್ಲಾಟಿನ್ ಹಳದಿ ಪುಡಿ, ನೀರಿನಲ್ಲಿ ಮೊಂಡು. ಕೋಣೆಯ ಉಷ್ಣತೆಯಲ್ಲಿ ಮಿಲಿಲೀಟರಿಗೆ ಎರಡೂವರೆ ಮಿಲಿಗ್ರಾಂಗೆ ಮೀರಿ ಕರಗುವುದಿಲ್ಲ, ಅಷ್ಟು ಕರಗುವುದಕ್ಕೂ ಹೊತ್ತು ಬೇಕು. ಟ್ಯೂಬಿನ ತಳದಲ್ಲಿ ಹಳದಿ ಕಣಗಳು ಉರುಳಾಡುತ್ತಲೇ ಇರುತ್ತವೆ. ಡಿಎಂಎಸ್‌ಒದಲ್ಲಿ ಹಾಕಿದರೆ ಕ್ಷಣದಲ್ಲಿ ತಿಳಿ ದ್ರಾವಣ. ಫಾರ್ಮಝಾನ್ ಕರಗಿಸಲೆಂದು ಆ ಬಾಟಲಿ ಬೆಂಚಿನ ಮೇಲೇ ಇರುತ್ತದೆ, ಕೈಗೆ ಅದೇ ಸಿಗುತ್ತದೆ. ಬೇರೆ ಹತ್ತಾರು ಔಷಧಗಳನ್ನು ಡಿಎಂಎಸ್‌ಒದಲ್ಲಿ ಕರಗಿಸಿ ಅಭ್ಯಾಸ ಬೇರೆ ಆಗಿರುತ್ತದೆ.

ತೊಂದರೆ ಡಿಎಂಎಸ್‌ಒದ ಗಂಧಕದ ಪರಮಾಣುವಿನದ್ದು. ಪ್ಲಾಟಿನಂಗೆ ಗಂಧಕ ಅಂದರೆ ಅಚ್ಚುಮೆಚ್ಚು. ಡಿಎಂಎಸ್‌ಒ ಒಂದು ಕ್ಲೋರೈಡನ್ನು ಎಬ್ಬಿಸಿ ತಾನು ಗಂಧಕದ ಕಡೆಯಿಂದ ಅಂಟಿಕೊಳ್ಳುತ್ತದೆ. ಬಿಸಿ ಇನ್ಕ್ಯುಬೇಟರಿನಲ್ಲಾದರೆ ಇದಕ್ಕೆ ದಿನಗಟ್ಟಲೆ ಬೇಕಿಲ್ಲ, ಗಂಟೆಯ ಲೆಕ್ಕ ಸಾಕು. ಕ್ಲೋರೈಡ್ ಮುಂದಿನ ಸ್ಟಾಪಿನಲ್ಲಿ ಇಳಿಯುವ ಪ್ರಯಾಣಿಕ. ಈ ಗಂಧಕ ಹೊದ್ದು ಮಲಗುವ ಗಿರಾಕಿ. ಆಮೇಲೆ ಟ್ಯೂಬಿನಲ್ಲಿ ಇರುವುದು ಸಿಸ್‌ಪ್ಲಾಟಿನ್ ಅಲ್ಲ, ಒಂದು ಡಿಎಂಎಸ್‌ಒ ಹೊತ್ತ ಬೇರೆಯೇ ಪ್ಲಾಟಿನಂ ಸಂಯುಕ್ತ, ಕೋಶ ಕೊಲ್ಲುವುದರಲ್ಲಿ ಬಹಳ ಮಂದ. ಲೇಬಲ್ ಮಾತ್ರ ಹಳೆಯದೇ. ದ್ರಾವಣ ತಿಳಿಯಾಗಿದ್ದದ್ದೇ ನಮ್ಮನ್ನು ಮೋಸಗೊಳಿಸಿತು.

ಇದು ನಮ್ಮೊಬ್ಬರ ದಡ್ಡತನವೂ ಅಲ್ಲ. 2014ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಸಂಶೋಧಕರು ಇದನ್ನು ಕೂಲಂಕಷವಾಗಿ ಪರೀಕ್ಷಿಸಿ, ಪ್ಲಾಟಿನಂ ಔಷಧಗಳಿಗೆ ಡಿಎಂಎಸ್‌ಒ ಬೇಡ ಅಂತ ಎಚ್ಚರಿಸಿದರು; ಪ್ರಕಟವಾದ ಪ್ರಬಂಧಗಳಲ್ಲೇ ಇದನ್ನು ಬಳಸಿದ ಉದಾಹರಣೆಗಳನ್ನು ಎತ್ತಿ ತೋರಿಸಿದರು. ಮೂಲ ರಸಾಯನಶಾಸ್ತ್ರವಂತೂ 1980ರ ದಶಕದಿಂದಲೇ ಗೊತ್ತಿದ್ದದ್ದು. ಗೊತ್ತಿದ್ದವರು ರಸಾಯನಶಾಸ್ತ್ರ ವಿಭಾಗದಲ್ಲಿ, ಪಿಪೆಟ್ ಹಿಡಿದವರು ಜೀವಶಾಸ್ತ್ರ ವಿಭಾಗದಲ್ಲಿ. ನಡುವೆ ಒಂದು ಕಾರಿಡಾರು.

ಖಾತ್ರಿ ಮಾಡಿಕೊಳ್ಳಲು ಹೀಗೆ ಮಾಡಿ. ಒಂದೇ ಡಬ್ಬಿಯ ಪುಡಿಯಿಂದ ಎರಡು ಸ್ಟಾಕ್ ತಯಾರಿಸಿ. ಒಂದು ಡಿಎಂಎಸ್‌ಒದಲ್ಲಿ ಹಿಂದಿನ ದಿನವೇ ಮಾಡಿಟ್ಟದ್ದು, ಇನ್ನೊಂದು ಆ ದಿನ ಬೆಳಗ್ಗೆ ಸಲೈನ್‌ನಲ್ಲಿ ಮಾಡಿದ್ದು. ಒಂದೇ ಪ್ಲೇಟಿನಲ್ಲಿ ಒಂದೇ ಪ್ರಮಾಣಗಳು. ಜೊತೆಗೆ ಬರೀ ಡಿಎಂಎಸ್‌ಒ ಹಾಕಿದ ಸಾಲು, ಬರೀ ಸಲೈನ್ ಹಾಕಿದ ಸಾಲು. ನಮ್ಮಲ್ಲಿ 72 ಗಂಟೆಯ ನಂತರ ಸಲೈನ್ ಸ್ಟಾಕಿನ ಸಾಲು ಮೇಲಿನ ಪ್ರಮಾಣಗಳಲ್ಲಿ ಮಜ್ಜಿಗೆ ತಿಳಿಯಂತೆ ಬಣ್ಣಗೆಟ್ಟಿತ್ತು, ಡಿಎಂಎಸ್‌ಒ ಸಾಲು ಬದನೆಕಾಯಿ ಬಣ್ಣದಲ್ಲೇ ಉಳಿದಿತ್ತು. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆನ್ನುವವರು, ಪರಮಾಣುವಿನ ಪಕ್ಕ ಯಾರಿದ್ದಾರೆ ಅಂತ ತೋರಿಸುವ ಎನ್‌ಎಂಆರ್ ಸೌಲಭ್ಯ ಇದ್ದರೆ, ಪ್ಲಾಟಿನಂ-195 ಸಿಗ್ನಲ್ ನೋಡಬಹುದು. ಸಿಸ್‌ಪ್ಲಾಟಿನ್‌ನದು ಮೈನಸ್ 2100 ಪಿಪಿಎಂ ಆಸುಪಾಸಿನಲ್ಲಿ ಇರುತ್ತದೆ. ಗಂಧಕ ಅಂಟಿದರೆ ಅದು ಸಾವಿರದಷ್ಟು ಆಚೆ, ಮೈನಸ್ 3100ರ ಹತ್ತಿರ ಹೋಗುತ್ತದೆ. ಪ್ಲೇಟಿನ ಪರೀಕ್ಷೆಯೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಸ್ಟಾಕ್ ಮಾಡುವುದು

5 ಮಿಲಿಗ್ರಾಂ ತೂಗಿ 5 ಮಿಲಿಲೀಟರ್ ಶೇ. 0.9 ಸಲೈನ್‌ಗೆ ಹಾಕಿ. ಮಿಲಿಲೀಟರಿಗೆ 1 ಮಿಲಿಗ್ರಾಂ, ಅಂದರೆ 3.3 ಮಿಲಿಮೋಲಾರ್. ಸಲೈನ್‌ನಲ್ಲಿ ಕ್ಲೋರೈಡ್ 154 ಮಿಲಿಮೋಲಾರ್ ಇರುತ್ತದೆ, ಸೀಟು ಕಾಯಲು ಅದು ಬೇಕೇ ಬೇಕು. ಟ್ಯೂಬಿಗೆ ಫಾಯಿಲ್ ಸುತ್ತಿ, 37 ಡಿಗ್ರಿ ವಾಟರ್ ಬಾತಿನಲ್ಲಿ ಆಗಾಗ ತಿರುಗಿಸುತ್ತ ಕರಗಿಸಿ. ಅವಸರ ಮಾಡಿದರೆ ಕೆಟ್ಟಿತು: ಕಣ ಉಳಿದಿರುವಾಗಲೇ 0.22 ಮೈಕ್ರೋಮೀಟರ್ ಫಿಲ್ಟರ್ ಹಾಯಿಸಿದರೆ ಔಷಧದ ಒಂದು ಭಾಗ ಫಿಲ್ಟರಿನಲ್ಲೇ ಉಳಿದು, ಕೈಯಲ್ಲಿರುವುದು ಲೇಬಲ್ಲಿಗಿಂತ ತೆಳು ಸ್ಟಾಕ್. ಬೆಳಕಿಗೆ ಹಿಡಿದು ತಳದಲ್ಲಿ ಒಂದೂ ಹಳದಿ ಚುಕ್ಕಿ ಇಲ್ಲ ಅನ್ನಿಸಿದ ಮೇಲೇ ಫಿಲ್ಟರ್. ಇದರಿಂದ 6 ಮೈಕ್ರೋಲೀಟರ್ ತೆಗೆದು 1 ಮಿಲಿಲೀಟರ್ ಮೀಡಿಯಾಕ್ಕೆ ಹಾಕಿದರೆ 20 ಮೈಕ್ರೋಮೋಲಾರ್.

ಪುಡಿ ತೂಗುವಾಗ ಕೈಗವಸು, ಮಾಸ್ಕ್, ಹುಡ್ ಮೂರೂ ಇರಲಿ. ಡಿಎನ್‌ಎ ಕಟ್ಟುವ ವಸ್ತುವಿಗೆ ನಿಮ್ಮ ಡಿಎನ್‌ಎ, ಹೀಲಾದ ಡಿಎನ್‌ಎ ಅಂತ ಭೇದ ಇಲ್ಲ. ಟಿಪ್, ಟ್ಯೂಬು, ಉಳಿದ ದ್ರಾವಣ ಸೈಟೊಟಾಕ್ಸಿಕ್ ಅಂತ ಬರೆದ ಹಳದಿ ಚೀಲಕ್ಕೆ, ಸಿಂಕಿಗೆ ಸುರಿಯಬಾರದು.

ಇದನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಒಳ್ಳೆಯ ವಸ್ತುವನ್ನು ತಣ್ಣಗಿಡಬೇಕು ಅನ್ನುವುದು ನಮಗೆ ಹಾಲು, ಇಡ್ಲಿ ಹಿಟ್ಟಿನ ಕಾಲದಿಂದ ಬಂದ ಸಂಸ್ಕಾರ. ಸಿಸ್‌ಪ್ಲಾಟಿನ್ ತಣ್ಣಗಾದರೆ ಹರಳುಗಟ್ಟಿ ತಳಕ್ಕೆ ಕೂರುತ್ತದೆ, ನೀವು ಮೇಲಿನ ತಿಳಿ ಪಿಪೆಟ್ ಮಾಡುತ್ತೀರಿ. ಆಸ್ಪತ್ರೆಗೆ ಬರುವ ಇಂಜೆಕ್ಷನ್ ವಯಲ್‌ಗಳ ಚೀಟಿಯಲ್ಲೂ ಫ್ರಿಜ್ ಬೇಡ ಅಂತಲೇ ಬರೆದಿರುತ್ತದೆ. ಅದೇ ಚೀಟಿಯಲ್ಲಿ ಅಲ್ಯುಮಿನಿಯಂ ಭಾಗವಿರುವ ಸೂಜಿ ಬಳಸಬೇಡಿ ಅಂತಲೂ ಇರುತ್ತದೆ. ಅಲ್ಯುಮಿನಿಯಂ ತಾನು ಕರಗಿ ಪ್ಲಾಟಿನಂ ಅನ್ನು ಕಪ್ಪು ಪುಡಿಯಾಗಿ ಹೊರಗೆಡವುತ್ತದೆ. ನಾನಂತೂ ಸ್ಟಾಕ್ ಅನ್ನು ಕೋಣೆಯ ಉಷ್ಣತೆಯಲ್ಲಿ, ಕತ್ತಲಲ್ಲಿ ಇಟ್ಟು, ಪ್ರಯೋಗಕ್ಕೆ ಪ್ರಯೋಗ ಹೊಸದು ಮಾಡುತ್ತೇನೆ. ಪುಡಿ ದುಬಾರಿ ಅಂತ ಗೊಣಗುವವರು ಕೆಟ್ಟ ಪ್ಲೇಟಿನ ಖರ್ಚು ಲೆಕ್ಕ ಹಾಕಲಿ.

ಬರೀ ನೀರಿನಲ್ಲೂ ಸ್ಟಾಕ್ ಮಾಡಬಾರದು. ಕ್ಲೋರೈಡ್ ಇಲ್ಲದ ಕಡೆ ನೀರು ಟ್ಯೂಬಿನಲ್ಲೇ ಸೀಟು ಹಿಡಿದು, ಕೋಶದ ಒಳಗೆ ಆಗಬೇಕಾದ್ದು ಹೊರಗೇ ಆಗುತ್ತದೆ. ಆ ಚುರುಕು ಅಣು ದಾರಿಯಲ್ಲಿ ಸಿಕ್ಕ ಪ್ರೋಟೀನುಗಳಿಗೆಲ್ಲ ಅಂಟಿಕೊಳ್ಳುತ್ತ ಹೋಗುತ್ತದೆ. ನೀವೇ ಹೊಸದಾಗಿ ಮಾಡಿದ ಪ್ಲಾಟಿನಂ ಸಂಯುಕ್ತ ಸಲೈನ್‌ನಲ್ಲಿ ಕರಗದಿದ್ದರೆ ಡಿಎಂಎಫ್ ಎಂಬ ಇನ್ನೊಂದು ದ್ರಾವಕ ಪ್ರಯತ್ನಿಸಬಹುದು. ಅದರಲ್ಲಿ ಗಂಧಕ ಇಲ್ಲ. ಆದರೆ ಕೋಶಕ್ಕೆ ಅದೂ ವಿಷವೇ, ಅತಿ ಕಡಿಮೆ ಹಾಕಿ, ಅದರದ್ದೇ ಕಂಟ್ರೋಲ್ ಇಡಿ.

ಪುಡಿಯ ಮೇಲೇ ಅನುಮಾನ ಬಂದರೆ

ಸಲೈನ್ ಸ್ಟಾಕೂ ಕೊಲ್ಲದಿದ್ದರೆ ಪುಡಿ ಸಿಸ್ ಹೌದೋ, ಟ್ರಾನ್ಸ್ ಸೇರಿದೆಯೋ ನೋಡಬೇಕು. ಇದಕ್ಕೆ 1890ರ ದಶಕದಲ್ಲಿ ರಷ್ಯಾದ ಕುರ್ನಾಕೋವ್ ಕಂಡುಹಿಡಿದ ಪರೀಕ್ಷೆ ಇದೆ. ಬೇಕಾದ್ದು ಗಂಧಕವಿರುವ ಥಯೋಯೂರಿಯಾ ಮತ್ತು ಬಿಸಿನೀರು, ಅಷ್ಟೇ.

ಚಿಟಿಕೆ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ ಥಯೋಯೂರಿಯಾ ಹೆಚ್ಚಾಗಿ ಹಾಕಿ ಕಾಯಿಸಿದರೆ, ಸಿಸ್ ಆಗಿದ್ದಲ್ಲಿ ದ್ರಾವಣ ಅರಿಶಿನದ ನೀರಿನಂತೆ ಹಳದಿ ಏರುತ್ತದೆ. ಟ್ರಾನ್ಸ್ ಆಗಿದ್ದಲ್ಲಿ ಬಿಳಿ ಸೂಜಿ ಹರಳು ಬೀಳುತ್ತದೆ. ಇಲ್ಲೂ ಗಂಧಕದ್ದೇ ಆಟ. ಪ್ಲಾಟಿನಂಗೆ ಅಂಟಿದ ಗಂಧಕ ತನ್ನ ಎದುರಿನ ಮೂಲೆಯಲ್ಲಿ ಕೂತವರನ್ನು ಸಡಿಲ ಮಾಡುತ್ತದೆ. ಸಿಸ್ ಚೌಕದಲ್ಲಿ ಕ್ಲೋರೈಡ್ ಜಾಗಕ್ಕೆ ಬಂದ ಥಯೋಯೂರಿಯಾದ ಎದುರು ಅಮೋನಿಯಾ ಇರುತ್ತದೆ, ಅದೂ ಎದ್ದು ಹೋಗಿ ನಾಲ್ಕೂ ಮೂಲೆ ಥಯೋಯೂರಿಯಾ ಆಗುತ್ತದೆ, ಬಣ್ಣ ಹಳದಿ. ಟ್ರಾನ್ಸ್‌ನಲ್ಲಿ ಒಂದು ಥಯೋಯೂರಿಯಾದ ಎದುರು ಇನ್ನೊಂದು ಥಯೋಯೂರಿಯಾ, ಅಮೋನಿಯಾಗಳು ತಮ್ಮ ಪಾಡಿಗೆ ಉಳಿಯುತ್ತವೆ, ಕಡಿಮೆ ಕರಗುವ ಬಿಳಿ ಉಪ್ಪು. ಈ ಪರೀಕ್ಷೆ ಪುಡಿಗೆ ಮಾತ್ರ. ಡಿಎಂಎಸ್‌ಒದಲ್ಲಿ ಕೆಟ್ಟ ಸ್ಟಾಕನ್ನು ಇದರಿಂದ ಹಿಡಿಯಲು ಹೋಗಬೇಡಿ.

ಲ್ಯಾಬಿನಲ್ಲೇ ತಯಾರಿಸುವವರು ಇದನ್ನು ತಪ್ಪದೆ ಮಾಡಬೇಕು. ಈಗ ಜಗತ್ತೆಲ್ಲ ಅನುಸರಿಸುವ ಚುಟುಕು ವಿಧಾನ, ನಡುವೆ ಅಯೋಡೈಡ್ ಕೂರಿಸಿ ಆಮೇಲೆ ಬೆಳ್ಳಿಯ ಉಪ್ಪಿನಿಂದ ಎಬ್ಬಿಸುವುದು, 1970ರಲ್ಲಿ ಇಂಡಿಯನ್ ಜರ್ನಲ್ ಆಫ್ ಕೆಮಿಸ್ಟ್ರಿಯಲ್ಲಿ ಧಾರಾ ಎಂಬ ಸಂಶೋಧಕರು ಪ್ರಕಟಿಸಿದ್ದು. ನೇರವಾಗಿ ಅಮೋನಿಯಾ ಹಾಕುವ ಹಳೆಯ ದಾರಿಯಲ್ಲಿ ಮ್ಯಾಗ್ನಸ್ ಉಪ್ಪು ಎಂಬ ಹಸಿರು ಕಲ್ಮಶ ಬರುತ್ತಿತ್ತು. ಪುಡಿಯಲ್ಲಿ ಹಸಿರು ಛಾಯೆ ಕಂಡರೆ ಬಳಸಬೇಡಿ.

ವೆಲ್‌ನ ಒಳಗೆ

ಸ್ಟಾಕ್ ಸರಿಯಿದ್ದರೂ ಮೀಡಿಯಾದಲ್ಲಿ ಗಂಧಕ ಹೊತ್ತವರು ಕಾದಿರಬಹುದು. ಎನ್-ಅಸಿಟೈಲ್ ಸಿಸ್ಟೀನ್, ಗ್ಲುಟಾಥಯೋನ್, ಮರ್ಕ್ಯಾಪ್ಟೋಎಥನಾಲ್ ಹಾಕಿದ ಮೀಡಿಯಾದಲ್ಲಿ ಸಿಸ್‌ಪ್ಲಾಟಿನ್ ಕೋಶ ತಲುಪುವ ಮೊದಲೇ ಸೆರೆ ಸಿಗುತ್ತದೆ. ಸೀರಂ ಅಲ್ಬ್ಯುಮಿನ್‌ನಲ್ಲೂ ಒಂದು ಬಿಡಿ ಸಿಸ್ಟೀನ್ ಇದೆ, ಸೀರಂ ಹೆಚ್ಚಿದಷ್ಟೂ ಔಷಧ ಮೆತ್ತಗಾಗುತ್ತದೆ. ವೈದ್ಯರು ಈ ದೌರ್ಬಲ್ಯವನ್ನೇ ಉಪಯೋಗಿಸಿಕೊಂಡಿದ್ದಾರೆ: ಸಿಸ್‌ಪ್ಲಾಟಿನ್‌ನಿಂದ ಮಕ್ಕಳ ಕಿವಿ ಮಂದವಾಗುವುದನ್ನು ತಗ್ಗಿಸಲು, ಗಂಧಕವಿರುವ ಸೋಡಿಯಂ ಥಯೋಸಲ್ಫೇಟನ್ನು ಕೆಲವು ಗಂಟೆ ತಡವಾಗಿ ಕೊಡುವ ಕ್ರಮಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸಾರ ಮತ್ತು ಸಿಸ್‌ಪ್ಲಾಟಿನ್ ಜೋಡಿ ಪ್ರಯೋಗ ಮಾಡುವವರು ಎರಡೂ ಸ್ಟಾಕನ್ನು ಒಂದೇ ಟ್ಯೂಬಿನಲ್ಲಿ ಬೆರೆಸಿಡಬಾರದು, ಸಾರ ಡಿಎಂಎಸ್‌ಒದಲ್ಲಿ ಇದ್ದರಂತೂ ಖಂಡಿತ ಬೇಡ.

ಸಮಯವನ್ನೂ ನೋಡಿ. ಡಿಎನ್‌ಎ ಬಾಗಿದ ತಕ್ಷಣ ಕೋಶ ಸಾಯುವುದಿಲ್ಲ. ಅದು ನಕಲು ಮಾಡಲು ಹೋಗಿ ಸಿಕ್ಕಿಹಾಕಿಕೊಳ್ಳಬೇಕು. 24 ಗಂಟೆಗೆ ಓದಿ ಕೆಲಸ ಮಾಡಿಲ್ಲ ಅನ್ನುವುದು ಅವಸರ, 48ರಿಂದ 72 ಬಿಡಿ. ವೆಲ್ ತುಂಬ ಕೋಶ ತುರುಕಿದ್ದರೆ ವಿಭಜನೆಯೇ ನಿಧಾನವಾಗಿ ಔಷಧಕ್ಕೆ ಕೆಲಸವಿರುವುದಿಲ್ಲ.

ಕೊನೆಗೆ ಕೋಶ

ಪ್ರತಿರೋಧ ಇಲ್ಲವೆಂದಲ್ಲ. ತಾಮ್ರ ಸಾಗಿಸುವ ಸಿಟಿಆರ್1 ಎಂಬ ಪ್ರೋಟೀನು ಕಡಿಮೆಯಾಗಿ ಔಷಧ ಒಳಬರುವುದೇ ಕುಗ್ಗಬಹುದು, ಎಟಿಪಿ7ಬಿ ಎಂಬ ಇನ್ನೊಂದು ಪ್ರೋಟೀನು ಅದನ್ನು ಹೊರದಬ್ಬಬಹುದು, ಕೋಶ ಗ್ಲುಟಾಥಯೋನ್ ಹೆಚ್ಚಿಸಿಕೊಳ್ಳಬಹುದು, ಇಆರ್‌ಸಿಸಿ1 ಇರುವ ದುರಸ್ತಿ ತಂಡ ಕಟ್ಟಿದ ಗಂಟನ್ನು ಕತ್ತರಿಸಿ ತೆಗೆಯಬಹುದು. ವೃಷಣದ ಕ್ಯಾನ್ಸರ್ ಕೋಶಗಳಲ್ಲಿ ಈ ದುರಸ್ತಿ ದುರ್ಬಲ. ಅಮೆರಿಕದ ಇಂಡಿಯಾನಾದಲ್ಲಿ ಐನ್‌ಹಾರ್ನ್ ಎಂಬ ವೈದ್ಯರು 1974ರಲ್ಲಿ ಶುರುಮಾಡಿದ ಸಿಸ್‌ಪ್ಲಾಟಿನ್ ಚಿಕಿತ್ಸೆ ಆ ರೋಗದಲ್ಲಿ ಅಷ್ಟು ಫಲ ಕೊಟ್ಟದ್ದಕ್ಕೆ ಅದೂ ಒಂದು ಕಾರಣ.

ಆದರೆ ಪ್ರತಿರೋಧಕ್ಕೂ ಕೆಟ್ಟ ಸ್ಟಾಕಿಗೂ ಗ್ರಾಫಿನಲ್ಲಿ ವ್ಯತ್ಯಾಸ ಕಾಣುತ್ತದೆ. ಪ್ರಮಾಣವನ್ನು 1ರಿಂದ 100 ಮೈಕ್ರೋಮೋಲಾರ್ ತನಕ ಏರಿಸಿ ನೋಡಿ. ಪ್ರತಿರೋಧ ಬಂದ ಕೋಶದ ಗೆರೆ ಬಲಕ್ಕೆ ಸರಿದಿರುತ್ತದೆ, ಆದರೆ ಕೊನೆಗೆ ಬೀಳುತ್ತದೆ. ಅಂಡಾಶಯದ ಕ್ಯಾನ್ಸರಿನ ಎ2780 ಕೋಶಗಳು ಮತ್ತು ಅವುಗಳಿಂದ ಬೆಳೆಸಿದ ಪ್ರತಿರೋಧಿ ಜೋಡಿಯನ್ನು ಹೋಲಿಸಿದವರಿಗೆ ಇದು ಪರಿಚಿತ ಚಿತ್ರ. ನೂರರಲ್ಲೂ ಗೆರೆ ಮೇಜಿನಂತೆ ಸಮತಟ್ಟಾಗಿದ್ದರೆ ಕೋಶ ಬಿಟ್ಟು ಟ್ಯೂಬಿಗೆ ವಾಪಸ್ ಹೋಗಿ. ನಮ್ಮ ಗೆರೆ ಹೆಚ್ಚುಕಡಿಮೆ ಸಮತಟ್ಟಾಗಿತ್ತು. ಅದನ್ನು ನೋಡಿಯೂ ನಾನು ಹೊಸ ಸೀರಂ ಆರ್ಡರ್ ಮಾಡಿದ್ದೆ.

ಬೇರೆ ಔಷಧಗಳಲ್ಲೂ ಇದೇ ಬಗೆ

ಸೈಕ್ಲೋಫಾಸ್ಫಮೈಡ್ ಎಂಬ ಕ್ಯಾನ್ಸರ್ ಔಷಧ ಪ್ಲೇಟಿನಲ್ಲಿ ಏನೂ ಮಾಡದಿದ್ದರೆ ಗಾಬರಿ ಬೇಡ. ಅದು ಯಕೃತ್ತಿನ ಕಿಣ್ವಗಳ ಕೈಯಲ್ಲಿ ಹಾದು ಬಂದ ಮೇಲೇ ಹರಿತ, ಹೀಲಾ ಬಳಿ ಆ ಕಿಣ್ವ ಸಾಕಷ್ಟಿಲ್ಲ. ಪ್ಲೇಟಿಗೆ ಅದರ ಸಕ್ರಿಯ ರೂಪವೇ ಬೇಕು. ಮೆಥೋಟ್ರೆಕ್ಸೇಟ್ ಫೋಲೇಟ್ ಚಕ್ರ ತಡೆದು ಡಿಎನ್‌ಎಗೆ ಕಚ್ಚಾಮಾಲು ನಿಲ್ಲಿಸುತ್ತದೆ, ಆದರೆ ಸಾದಾ ಸೀರಂನಲ್ಲಿರುವ ಥೈಮಿಡಿನ್, ಹೈಪೊಝಾಂತಿನ್ ಹಿಂಬಾಗಿಲಿನಿಂದ ಅದನ್ನೇ ಒದಗಿಸುತ್ತವೆ. ಡಯಾಲಿಸಿಸ್ ಮಾಡಿದ ಸೀರಂ ಹಾಕಿ. ಬೋರ್ಟೆಝೋಮಿಬ್‌ನಲ್ಲಿ ಇರುವ ಬೋರಾನ್, ಗ್ರೀನ್ ಟೀಯ ಕ್ಯಾಟೆಚಿನ್‌ಗೆ ಅಂಟಿ ನಿಷ್ಕ್ರಿಯವಾಗುತ್ತದೆ. ಗಿಡದ ಸಾರದ ಜೊತೆ ಅದನ್ನು ಹಾಕುವವರು ನೆನಪಿಡಬೇಕು. ಪ್ಲಾಟಿನಂ ಮನೆತನದ್ದೇ ಆದ ಆಕ್ಸಾಲಿಪ್ಲಾಟಿನ್‌ಗೆ ಸಿಸ್‌ಪ್ಲಾಟಿನ್‌ನ ಸಲೈನ್ ಸೂತ್ರ ಹಚ್ಚಿದರೆ ಕೆಟ್ಟಿತು. ಅದರಲ್ಲಿ ಕ್ಲೋರೈಡ್ ಬದಲು ಆಕ್ಸಲೇಟ್ ಕೂತಿದೆ, ಸಲೈನ್‌ನ ಕ್ಲೋರೈಡ್ ಅದನ್ನು ಎಬ್ಬಿಸುತ್ತದೆ. ಆಸ್ಪತ್ರೆಗಳಲ್ಲಿ ಅದನ್ನು ಶೇ. 5 ಡೆಕ್ಸ್‌ಟ್ರೋಸ್‌ನಲ್ಲಿ ಕೊಡುವುದು ಅದಕ್ಕೇ.

ಹುಡುಗಿ ಪೂರ್ತಿ ಪ್ರಯೋಗ ಮತ್ತೆ ಮಾಡಿದಳು. ಸಾರ ಮೊದಲು ಎಲ್ಲಿತ್ತೋ ಅಲ್ಲೇ ಇತ್ತು, ಸಲೈನ್‌ನಲ್ಲಿ ಕರಗಿದ ಸಿಸ್‌ಪ್ಲಾಟಿನ್ ಅದನ್ನು ಬಹಳ ದೂರ ದಾಟಿತ್ತು. ಪ್ರಾಜೆಕ್ಟ್ ವರದಿಯಲ್ಲಿ ಹಳೆಯ ಪ್ಲೇಟಿನ ಚಿತ್ರವನ್ನೂ ಹೊಸದರ ಪಕ್ಕದಲ್ಲಿ ಹಾಕಿಸಿದೆ. ಅವಳಿಗೆ ಮೊದಲು ಮುಜುಗರವಾಯಿತು, ವೈವಾದಲ್ಲಿ ಪರೀಕ್ಷಕರು ಹೆಚ್ಚು ಹೊತ್ತು ಕೇಳಿದ್ದು ಆ ಪುಟದ ಬಗ್ಗೆಯೇ. ಮೈನಸ್ 20ರಲ್ಲಿದ್ದ ಆ ಟ್ಯೂಬು ಹಳದಿ ಚೀಲಕ್ಕೆ ಹೋಯಿತು. ಡಿಎಂಎಸ್‌ಒ ಬಾಟಲಿ ಈಗ ಎಂಟಿಟಿ ಶೆಲ್ಫಿನಲ್ಲಿದೆ, ಅದರ ಮುಚ್ಚಳದ ಮೇಲೆ ಅವಳ ದುಂಡು ಅಕ್ಷರದಲ್ಲಿ "ಪ್ಲಾಟಿನಂ ಬೇಡ" ಅಂತ ಮಾರ್ಕರಿನಲ್ಲಿ ಬರೆದಿದೆ.